ಹಾಲಿವುಡ್ಡನ್ನೇ ಅಣಕಿಸಿದ ನಾಲ್ಕು ವರ್ಷದ ಹುಡುಗಿ: ಬೇಬಿ ಪೆಗ್ಗಿ ಪ್ರಕರಣ

1923ರಲ್ಲಿ ಅಮೆರಿಕದಲ್ಲಿ ‘ಪೆಗ್ ಓ ದಿ ಮೂವೀಸ್’ ಅನ್ನುವ ಎರಡು ರೀಲಿನ ಮೂಕಿ ಹಾಸ್ಯಚಿತ್ರ ತೆರೆಗೆ ಬಂತು. ನಿರ್ದೇಶಕ ಆಲ್ಫ್ ಗೌಲ್ಡಿಂಗ್. ತಯಾರಿಸಿದ್ದು ಸೆಂಚುರಿ ಕಂಪನಿ, ಹಂಚಿಕೆ ಯೂನಿವರ್ಸಲ್‌ನದು. ಸಿನಿಮಾದವರೇ ಸಿನಿಮಾ ಲೋಕವನ್ನು ಗೇಲಿ ಮಾಡಿದ ಚಿತ್ರ ಅದು. ಆ ಕಾಲದ ದೊಡ್ಡ ತಾರೆಯರಾದ ರುಡಾಲ್ಫ್ ವ್ಯಾಲೆಂಟಿನೊ ಮತ್ತು ಪೋಲಾ ನೆಗ್ರಿ ಇಬ್ಬರನ್ನೂ ಅದರಲ್ಲಿ ಅಣಕಿಸಿದ್ದು ಒಬ್ಬಳೇ ಹುಡುಗಿ. ಆಗ ಅವಳಿಗೆ ನಾಲ್ಕು ವರ್ಷ.

ಹೆಸರು ಪೆಗ್ಗಿ-ಜೀನ್ ಮಾಂಟ್ಗೊಮರಿ. ಜನರಿಗೆ ಅವಳು ಬೇಬಿ ಪೆಗ್ಗಿ. ಮುಂದೆ ಬರಹಗಾರ್ತಿಯಾದಾಗ ಡಯಾನಾ ಸೆರಾ ಕ್ಯಾರಿ. 1918ರ ಅಕ್ಟೋಬರ್ 29ರಂದು ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದವರು, 2020ರ ಫೆಬ್ರವರಿ 24ರಂದು ಅಲ್ಲೇ ತೀರಿಕೊಂಡರು. ನೂರಾ ಒಂದು ವರ್ಷ ಬದುಕಿದರು. ಆದರೆ ತಾರೆಯಾಗಿದ್ದ ಕಾಲ ಐದು ವರ್ಷವೂ ತುಂಬಲಿಲ್ಲ. ಆ ಐದು ವರ್ಷದಲ್ಲಿ ಕೆಲಸ ಹೇಗೆ ನಡೆಯಿತು, ದುಡ್ಡು ಎಲ್ಲಿಗೆ ಹೋಯಿತು, ಕೊನೆಗೆ ಯಾವುದು ಯಾಕೆ ಮುರಿಯಿತು ಅನ್ನುವುದೇ ಈ ಬರಹದ ವಿಷಯ. ಚಿತ್ರರಂಗದ ಹುಳುಕನ್ನೆಲ್ಲ ನಗೆಗೆ ಎಳೆದ ತಂಡಕ್ಕೆ ತನ್ನ ನಾಯಕಿಯ ಸ್ಥಿತಿ ಮಾತ್ರ ಕಾಣಲೇ ಇಲ್ಲ. ನನ್ನ ಕುತೂಹಲ ಇರುವುದು ಅಲ್ಲಿ.

ಅಣಕಿಗೆ ಅದೇ ಸರಿಯಾದ ಸಮಯ

1923ರ ಹಾಲಿವುಡ್ ಮಾನ ಉಳಿಸಿಕೊಳ್ಳಲು ಒದ್ದಾಡುತ್ತಿತ್ತು. 1921ರ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಹೋಟೆಲೊಂದರಲ್ಲಿ ನಡೆದ ಪಾರ್ಟಿಯಾದ ಮೇಲೆ ನಟಿಯೊಬ್ಬಳು ಸತ್ತು, ಹಾಸ್ಯನಟ ರೋಸ್ಕೊ ಆರ್ಬಕಲ್ ಮೇಲೆ ಮೊಕದ್ದಮೆ ಬಿತ್ತು. ಮೂರು ವಿಚಾರಣೆಗಳಾಗಿ 1922ರಲ್ಲಿ ಅವನು ನಿರ್ದೋಷಿ ಎಂದು ತೀರ್ಪು ಬಂದರೂ ಅವನ ವೃತ್ತಿ ಮುಗಿದಿತ್ತು. 1922ರ ಫೆಬ್ರವರಿಯಲ್ಲಿ ನಿರ್ದೇಶಕ ವಿಲಿಯಂ ಡೆಸ್ಮಂಡ್ ಟೇಲರ್ ಕೊಲೆಯಾಯಿತು. ಕೊಲೆಗಾರ ಇಂದಿಗೂ ಸಿಕ್ಕಿಲ್ಲ. 1923ರ ಜನವರಿಯಲ್ಲಿ ಜನಪ್ರಿಯ ನಟ ವ್ಯಾಲೇಸ್ ರೀಡ್ ಮಾರ್ಫಿನ್ ಚಟದಿಂದ ಜೀವ ಬಿಟ್ಟ. ಪೇಪರಿನವರಿಗೆ ಸುಗ್ಗಿ. ಊರಿನ ಹೆಸರು ಸರಿಮಾಡಲು ಸ್ಟುಡಿಯೊಗಳು ವಿಲ್ ಹೇಸ್ ಅನ್ನುವ ರಾಜಕಾರಣಿಯನ್ನು ಸಂಬಳ ಕೊಟ್ಟು ಕರೆತಂದಿದ್ದವು.

ಪರದೆಯ ಹಿಂದೆ ಏನು ನಡೆಯುತ್ತದೆ ಅನ್ನುವ ಆಸೆ ಪ್ರೇಕ್ಷಕರಿಗೆ ಹತ್ತಿಬಿಟ್ಟಿತ್ತು. ಅದನ್ನೇ ಬಂಡವಾಳ ಮಾಡಿಕೊಂಡು ಸಿನಿಮಾ ಬಗ್ಗೆಯೇ ಸಿನಿಮಾಗಳು ಬಂದವು. ಹಾಗೆ ನೋಡಿದರೆ ‘ಪೆಗ್ ಓ ದಿ ಮೂವೀಸ್’ ಹೊಸ ದಾರಿ ಏನೂ ಹಿಡಿದಿರಲಿಲ್ಲ, ಗಾಳಿ ಬಂದಾಗ ತೂರಿಕೊಂಡಿತು ಅಷ್ಟೇ. ಹೊಸದಾಗಿದ್ದದ್ದು ಮಗುವಿನ ಕೈಯಲ್ಲಿ ಅಣಕು ಮಾಡಿಸಿದ್ದು. ಅದರಲ್ಲಿ ಒಂದು ಜಾಣತನವೂ ಇತ್ತು. ದೊಡ್ಡ ನಟನೊಬ್ಬ ವ್ಯಾಲೆಂಟಿನೊನನ್ನು ಆಡಿಕೊಂಡರೆ ಅದು ಹೊಟ್ಟೆಕಿಚ್ಚಿನಂತೆ ಕಾಣುತ್ತದೆ. ಹಗರಣಗಳ ಆ ಹೊತ್ತಿನಲ್ಲಿ ಕೊಂಚ ಅಶ್ಲೀಲವಾಗಿಯೂ ಕಂಡೀತು. ನಾಲ್ಕು ವರ್ಷದ ಮಗು ಮಾಡಿದರೆ ಯಾರು ತಾನೆ ಬೈಯುತ್ತಾರೆ? ಸ್ವತಃ ವ್ಯಾಲೆಂಟಿನೊ ಕೂಡ ನಗಲೇಬೇಕು.

ವ್ಯಾಲೆಂಟಿನೊನ ‘ದಿ ಶೇಕ್’ ಬಂದು ಹೆಚ್ಚು ದಿನ ಆಗಿರಲಿಲ್ಲ. ಕಣ್ಣರಳಿಸಿ ಹೆಣ್ಣನ್ನು ದಿಟ್ಟಿಸುವ ಅವನ ನೋಟ ಇಡೀ ದೇಶಕ್ಕೆ ಬಾಯಿಪಾಠ. ಪೋಲಾ ನೆಗ್ರಿ 1922ರಲ್ಲಿ ಯುರೋಪಿನಿಂದ ಬಂದಿಳಿದ ಪೋಲಿಷ್ ನಟಿ. ಗಂಡಸರನ್ನು ಮರುಳು ಮಾಡಿ ಹಾಳುಗೆಡವುವ ಪಾತ್ರಗಳಿಗೆ ಹೆಸರಾದವಳು. ಇವರಿಬ್ಬರ ಹಾವಭಾವ ಪೆಗ್ಗಿಯ ಗುಂಡು ಮುಖಕ್ಕೆ, ಹಣೆಯ ಮೇಲೆ ನೇರ ಕತ್ತರಿಸಿದ ಕಪ್ಪು ಕೂದಲಿಗೆ ಬಂದು ಕೂತಾಗ ಅದು ತಾನಾಗಿಯೇ ತಮಾಷೆಯಾಗುತ್ತದೆ. ಮಗು ಏನನ್ನೂ ಹೆಚ್ಚು ಮಾಡಬೇಕಿಲ್ಲ. ನಿಜ ಹೇಳಬೇಕೆಂದರೆ ಕಡಿಮೆ ಮಾಡಿದಷ್ಟೂ ನಗು ಜಾಸ್ತಿ. ಅಳತೆಯ ವ್ಯತ್ಯಾಸವೇ ಇಲ್ಲಿನ ಹಾಸ್ಯ: ದೊಡ್ಡವರ ಬಟ್ಟೆ, ದೊಡ್ಡವರ ಕಾಮ, ದೊಡ್ಡವರ ಠೀವಿ, ಎಲ್ಲ ಒಂದು ಚಿಕ್ಕ ಮೈಯಲ್ಲಿ.

ಇಲ್ಲೊಂದು ತೊಡಕಿದೆ, ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಅಣಕಿಸುವವರಿಗೆ ತಾವು ಯಾರನ್ನು, ಏನನ್ನು ಅಣಕಿಸುತ್ತಿದ್ದೇವೆ ಅನ್ನುವುದು ಗೊತ್ತಿರಬೇಕು. ಮೋಹದ ನೋಟ ಅಂದರೇನು ಅಂತ ನಾಲ್ಕು ವರ್ಷದ ಮಗುವಿಗೆ ಗೊತ್ತಿರಲು ಹೇಗೆ ಸಾಧ್ಯ? ಅಂದರೆ ಈ ಚಿತ್ರದಲ್ಲಿ ಗೇಲಿ ಮಾಡುತ್ತಿದ್ದವರು ಕ್ಯಾಮರಾದ ಹಿಂದೆ ಇದ್ದವರು. ಮುಂದೆ ಇದ್ದವಳು ಹೇಳಿದ್ದನ್ನು ಮಾಡುತ್ತಿದ್ದಳು.

ಹೇಳಿದ್ದನ್ನು ಮಾಡುವ ಮಗು

ಇಡೀ ಪ್ರಕರಣದ ಬೇರು ಇರುವುದು ಇಲ್ಲೇ. ಪೆಗ್ಗಿಯ ತಂದೆ ಜಾಕ್ ಮಾಂಟ್ಗೊಮರಿ ಕೌಬಾಯ್ ಆಗಿದ್ದವನು. ದನ ಕಾಯುವ ಕೆಲಸ ಕಡಿಮೆಯಾದಾಗ ಹಾಲಿವುಡ್‌ಗೆ ಬಂದು ಪಶ್ಚಿಮದ ಕುದುರೆ ಚಿತ್ರಗಳಲ್ಲಿ ಸಾಹಸ ದೃಶ್ಯ ಮಾಡುತ್ತಿದ್ದ, ಆ ಕಾಲದ ಕೌಬಾಯ್ ತಾರೆ ಟಾಮ್ ಮಿಕ್ಸ್‌ಗೆ ಡ್ಯೂಪ್ ಹಾಕುತ್ತಿದ್ದ. ಮಗಳಿಗೆ ಹತ್ತೊಂಬತ್ತು ತಿಂಗಳಾಗಿದ್ದಾಗ ತಾಯಿ ಮರಿಯನ್ ಅವಳನ್ನು ಕರೆದುಕೊಂಡು ಸನ್‌ಸೆಟ್ ಬುಲೆವಾರ್ಡ್‌ನ ಸೆಂಚುರಿ ಸ್ಟುಡಿಯೊ ನೋಡಲು ಹೋಗಿದ್ದಳು. ಅಲ್ಲಿ ನಿರ್ದೇಶಕ ಫ್ರೆಡ್ ಫಿಶ್‌ಬ್ಯಾಕ್ ಕಣ್ಣಿಗೆ ಮಗು ಬಿತ್ತು. ಮುದ್ದಾದ ಮಕ್ಕಳಿಗೇನು ಲಾಸ್ ಏಂಜಲೀಸ್‌ನಲ್ಲಿ ಬರವೇ? ಅವನಿಗೆ ಹಿಡಿಸಿದ್ದು ಬೇರೆ. ಅಪ್ಪ ಹೇಳಿದ ಮಾತಿಗೆ ಈ ಮಗು ತಕ್ಷಣ ಓಗೊಡುತ್ತಿತ್ತು, ಹಠ ಮಾಡುತ್ತಿರಲಿಲ್ಲ. ಸೆಂಚುರಿಯಲ್ಲಿ ಬ್ರೌನಿ ಎಂಬ ಪಳಗಿದ ನಾಯಿಯ ಚಿತ್ರಗಳು ಓಡುತ್ತಿದ್ದವು. ನಾಯಿಯ ಜೊತೆಗೆ ಮಗುವನ್ನು ಹಾಕಿದರು. 1921ರ ‘ಪ್ಲೇಮೇಟ್ಸ್’ ಗೆದ್ದಿತು. ಕರಾರು ಆಯಿತು.

ಅದೇ ವರ್ಷ ಚಾಪ್ಲಿನ್ ಜೊತೆ ನಟಿಸಿದ ಬಾಲನಟ ಜಾಕಿ ಕೂಗನ್ ಜಗತ್ತಿಗೇ ಗೊತ್ತಾಗಿದ್ದ. ಪ್ರತಿ ಕಂಪನಿಗೂ ಈಗ ಒಂದು ಮಗು ಬೇಕಾಗಿತ್ತು. ಸೆಂಚುರಿಗೆ ಪೆಗ್ಗಿ ಸಿಕ್ಕಳು.

ಮೂಕಿ ಚಿತ್ರದ ತಂತ್ರವನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು. ಧ್ವನಿಮುದ್ರಣ ಇಲ್ಲದ್ದರಿಂದ ಕ್ಯಾಮರಾ ಓಡುತ್ತಿರುವಾಗಲೇ ನಿರ್ದೇಶಕ ಕೂಗಿ ಹೇಳಬಹುದಿತ್ತು. ‘ಈಗ ತಿರುಗು, ಈಗ ನಗು, ಹುಬ್ಬು ಏರಿಸು’ ಅಂತ ಒಂದೊಂದೇ ಚಲನೆಯನ್ನು ನಿಂತ ನಿಲುವಿನಲ್ಲೇ ಮಾಡಿಸಬಹುದಿತ್ತು. ಮಗು ಕಥೆ ತಿಳಿಯಬೇಕಿಲ್ಲ, ಮಾತು ಬಾಯಿಪಾಠ ಮಾಡಬೇಕಿಲ್ಲ. ಅಕ್ಷರ ಬಾರದಿದ್ದರೂ ನಡೆಯುತ್ತದೆ. ಟಾಕಿ ಬಂದ ಮೇಲೆ ಬಾಲನಟರ ಕೆಲಸ ಬೇರೆಯಾಯಿತು, ಅವರು ಹಾಡಬೇಕು, ಕುಣಿಯಬೇಕು, ಸಂಭಾಷಣೆ ಒಪ್ಪಿಸಬೇಕು. ಮೂಕಿಯಲ್ಲಿ ಎಲ್ಲಕ್ಕಿಂತ ಮೇಲಿನ ಗುಣ ವಿಧೇಯತೆ. ಮಗಳ ಯಶಸ್ಸಿಗೆ ಅದೇ ಕಾರಣ, ಪ್ರತಿಭೆ ಅಂತೇನೂ ಇಲ್ಲ ಅನ್ನುವುದು ಅಪ್ಪನ ನಂಬಿಕೆಯಾಗಿತ್ತು. ಕುದುರೆ ಪಳಗಿಸಿದ ಮನುಷ್ಯ ಅಲ್ವಾ!

ನನಗೆ ಅವನ ಮಾತು ಅರ್ಧ ಸುಳ್ಳೆನಿಸುತ್ತದೆ. ಉಳಿದಿರುವ ಚಿತ್ರಗಳನ್ನು ನೋಡಿದರೆ ಈ ಮಗುವಿಗೆ ಹಾಸ್ಯದ ಟೈಮಿಂಗ್ ಇತ್ತು ಅನ್ನುವುದು ಗೊತ್ತಾಗುತ್ತದೆ. ಎಲ್ಲಿ ನಿಲ್ಲಬೇಕು, ಯಾವಾಗ ಕಣ್ಣು ಹೊರಳಿಸಬೇಕು ಅನ್ನುವುದರಲ್ಲಿ ಬರೀ ಆಜ್ಞೆ ಪಾಲಿಸಿದವರಿಗೆ ಬಾರದ ಒಂದು ಹದ ಇದೆ. ಆದರೆ ಪ್ರತಿಭೆ ಅಂತ ಒಪ್ಪಿಕೊಂಡರೆ ಅದು ಮಗುವಿನದಾಗುತ್ತದೆ. ವಿಧೇಯತೆ ಅಂದರೆ ಅದು ಕಲಿಸಿದವನದು. ಆಮೇಲೆ ದುಡ್ಡಿನ ಲೆಕ್ಕ ಬಂದಾಗ ಈ ವ್ಯತ್ಯಾಸ ತುಂಬ ಕೆಲಸ ಮಾಡಿತು.

ದಿನಕ್ಕೆ ಎಂಟು ಗಂಟೆ, ವಾರಕ್ಕೆ ಆರು ದಿನ ಕೆಲಸ. 1921ರಿಂದ 1924ರ ನಡುವೆ ಸೆಂಚುರಿಗೆ ಅವಳು ಮಾಡಿದ್ದು ಸುಮಾರು 150 ಕಿರುಚಿತ್ರ. ಸಾಹಸ ದೃಶ್ಯಗಳನ್ನೂ ಹೆಚ್ಚಾಗಿ ಅವಳೇ ಮಾಡಬೇಕಿತ್ತು. ಒಂದು ಚಿತ್ರದಲ್ಲಿ ಸಮುದ್ರದ ನೀರಲ್ಲಿ ಮುಳುಗಿಸಿ ಹಿಡಿದಾಗ ಮಗು ಪ್ರಜ್ಞೆ ತಪ್ಪಿತು. ಇನ್ನೊಂದರಲ್ಲಿ ರೈಲು ಡಬ್ಬಿಯ ಅಡಿಯಲ್ಲಿ ಸವಾರಿ. ಯೂನಿವರ್ಸಲ್‌ನ ‘ದಿ ಡಾರ್ಲಿಂಗ್ ಆಫ್ ನ್ಯೂಯಾರ್ಕ್’ನಲ್ಲಿ ಬೆಂಕಿ ಹತ್ತಿದ ಕೋಣೆಯಿಂದ ಒಬ್ಬಳೇ ತಪ್ಪಿಸಿಕೊಂಡು ಬರುವ ದೃಶ್ಯ. ಇವು ಮುಂದೆ ಅವರೇ ಹೇಳಿಕೊಂಡ ಸಂಗತಿಗಳು. ಅಪ್ಪ ಸ್ವತಃ ಡ್ಯೂಪ್. ಅಪಾಯ ಅವನಿಗೆ ದಿನನಿತ್ಯದ ಕೂಲಿ. ಹಾಗಾಗಿ ತಡೆಯಬೇಕಾದವನಿಗೇ ಅದು ತಪ್ಪೆನಿಸಲಿಲ್ಲ.

ಸೆಂಚುರಿಯ ಮಾಲೀಕರಾದ ಸ್ಟರ್ನ್ ಸೋದರರ ಬಗ್ಗೆ ಒಂದು ಮಾತು. ಯೂನಿವರ್ಸಲ್‌ನ ಒಡೆಯ ಕಾರ್ಲ್ ಲೆಮ್ಲಿ ಇವರ ಭಾವ. ಇವರ ಚಿತ್ರಗಳು ಅಗ್ಗ ಅಂತ ಯಾರೋ ಹೀಯಾಳಿಸಿದಾಗ ಇವರಲ್ಲೊಬ್ಬ ಸಿಟ್ಟಾಗಿ, ನಮ್ಮ ಕಾಮಿಡಿಗಳನ್ನು ನೋಡಿ ಯಾರೂ ನಗಬೇಕಾಗಿಲ್ಲ ಅಂದನಂತೆ. ನಿಜವೋ ಕಟ್ಟುಕತೆಯೋ, ಹಾಲಿವುಡ್‌ನಲ್ಲಿ ಆ ಮಾತು ಇಂದಿಗೂ ಓಡಾಡುತ್ತದೆ. ಅಣಕು ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಮನೆಯಲ್ಲೇ ಇತ್ತು ಅನ್ನಿಸುತ್ತದೆ.

ದುಡ್ಡಿನ ದಾರಿ

1922ರಲ್ಲಿ ಬೇಬಿ ಪೆಗ್ಗಿಗೆ 12 ಲಕ್ಷಕ್ಕೂ ಹೆಚ್ಚು ಅಭಿಮಾನಿ ಪತ್ರ ಬಂದವು ಎಂದು ಪ್ರಚಾರವಾಯಿತು. ಅವಳ ರೂಪದ ಗೊಂಬೆ, ಆಭರಣ, ಹಾಡಿನ ಹಾಳೆಗಳು ಮಾರುಕಟ್ಟೆಗೆ ಬಂದವು. 1924ರಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ಡೆಮಾಕ್ರಟಿಕ್ ಪಕ್ಷದ ಮಹಾಧಿವೇಶನದ ವೇದಿಕೆಯಲ್ಲಿ ಫ್ರಾಂಕ್ಲಿನ್ ರೂಸ್ವೆಲ್ಟ್ ಪಕ್ಕ ಅವಳನ್ನು ನಿಲ್ಲಿಸಿದರು. ನಿರ್ಮಾಪಕ ಸೋಲ್ ಲೆಸ್ಸರ್ ಜೊತೆ ವರ್ಷಕ್ಕೆ 15 ಲಕ್ಷ ಡಾಲರ್ ಕರಾರು ಅಂತ ಸುದ್ದಿಯಾಗಿ ‘ಮಿಲಿಯನ್ ಡಾಲರ್ ಬೇಬಿ’ ಅನ್ನುವ ಹೆಸರೂ ಬಂತು. ಪ್ರಚಾರದ ಅಂಕಿಗಳನ್ನು ಎರಡು ಕೈ ತಗ್ಗಿಸಿಯೇ ಓದಬೇಕು, ಆದರೂ ಮೊತ್ತ ಸಣ್ಣದಲ್ಲ.

ಈ ಹಣ ಕಾನೂನಿನ ಪ್ರಕಾರ ಯಾರದು? ಆಗಿನ ಕ್ಯಾಲಿಫೋರ್ನಿಯಾ ಕಾನೂನಿನಲ್ಲಿ ಅಪ್ರಾಪ್ತ ಮಗುವಿನ ಗಳಿಕೆ ಹೆತ್ತವರದು. ಹೊಲದಲ್ಲಿ, ಅಂಗಡಿಯಲ್ಲಿ ಮನೆಮಕ್ಕಳು ದುಡಿಯುತ್ತಿದ್ದ ಕಾಲದ ನಿಯಮ ಅದು. ಮನೆಯ ಎಲ್ಲರಿಗಿಂತ ಸಾವಿರ ಪಟ್ಟು ದುಡಿಯುವ ಮಗು ಹುಟ್ಟಬಹುದು ಅಂತ ಆ ನಿಯಮ ಬರೆದವರು ಕನಸಲ್ಲೂ ಎಣಿಸಿರಲಿಲ್ಲ. ಹಾಗಾಗಿ ಮಾಂಟ್ಗೊಮರಿ ದಂಪತಿ ದುಬಾರಿ ಕಾರು, ಮನೆ, ಬಟ್ಟೆಬರೆ ಕೊಂಡದ್ದು ಕಾನೂನಿನ ಕಣ್ಣಲ್ಲಿ ಕಳ್ಳತನ ಆಗಿರಲಿಲ್ಲ. ಮಕ್ಕಳ ಓದಿಗೆ, ಮುಂದಿನ ದಿನಕ್ಕೆ ಏನೂ ಎತ್ತಿಡಲಿಲ್ಲ. ಜಾಕ್ ನಂಬಿದ ವ್ಯವಹಾರದ ಜೊತೆಗಾರರು ಮೋಸ ಮಾಡಿದರು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಎಲ್ಲ ಕರಗಿತು.

ಈ ಕತೆ ಹೇಳುವವರೆಲ್ಲ ಇಲ್ಲಿ ಅಪ್ಪನನ್ನು ದುರಾಸೆಯವನು ಅಂತ ಬೈದು ಮುಗಿಸುತ್ತಾರೆ. ನನಗೆ ಅಷ್ಟಕ್ಕೇ ಬಿಡಲು ಮನಸ್ಸಾಗುವುದಿಲ್ಲ. ಮಗಳ ಮ್ಯಾನೇಜರ್ ಅವನೇ, ಕರಾರಿಗೆ ಸಹಿ ಹಾಕುವವನು ಅವನೇ, ಸೆಟ್ಟಿನಲ್ಲಿ ಅವಳಿಂದ ಕೆಲಸ ತೆಗೆಯುವವನೂ ಅವನೇ. ಮಗುವಿಗೆ ಸುಸ್ತಾಯಿತು, ಇವತ್ತು ಬೇಡ ಅಂತ ಸ್ಟುಡಿಯೊಗೆ ಹೇಳಬೇಕಾದ ತಂದೆಗೆ ಆ ದಿನದ ಸಂಬಳವೂ ಬೇಕು. ಎಷ್ಟೇ ಒಳ್ಳೆಯವನಿದ್ದರೂ ಈ ಎರಡು ಕೆಲಸವನ್ನು ಒಬ್ಬನೇ ಮಾಡುವುದು ಕಷ್ಟ. ಜಾಕ್ ಅಷ್ಟು ಒಳ್ಳೆಯವನೂ ಆಗಿರಲಿಲ್ಲ, ಅದು ಬೇರೆ ಮಾತು.

ಮುರಿದದ್ದು ಹೇಗೆ

1924ರಲ್ಲಿ ಲೆಸ್ಸರ್‌ಗಾಗಿ ‘ಕ್ಯಾಪ್ಟನ್ ಜನವರಿ’ ಮತ್ತು ‘ಹೆಲೆನ್ಸ್ ಬೇಬೀಸ್’ ಮಾಡಿದಳು. ಎರಡನೆಯದರಲ್ಲಿ ಆಗಿನ್ನೂ ಹೆಸರು ಮಾಡದ ಕ್ಲಾರಾ ಬೋ ಕೂಡ ಇದ್ದಾಳೆ. 1925ರಲ್ಲಿ ಸಂಬಳದ ವಿಷಯಕ್ಕೆ ಜಾಕ್‌ಗೂ ಲೆಸ್ಸರ್‌ಗೂ ಜಗಳವಾಯಿತು. ಕರಾರು ರದ್ದಾಯಿತು. ಅಲ್ಲಿಗೆ ಎಲ್ಲ ಸ್ಟುಡಿಯೊಗಳ ಬಾಗಿಲೂ ಮುಚ್ಚಿತು. ಪೆಗ್ಗಿಗೆ ಸಿಕ್ಕಿದ್ದು ಇನ್ನೊಂದೇ ಮೂಕಿ ಚಿತ್ರ, 1926ರಲ್ಲಿ, ಅದರಲ್ಲೂ ಸಣ್ಣ ಪಾತ್ರ. ದೊಡ್ಡವರಿಬ್ಬರು ಜಗಳ ಆಡಿಕೊಂಡರು, ಬಹಿಷ್ಕಾರ ಬಿದ್ದಿದ್ದು ಆರು ವರ್ಷದ ಮಗುವಿಗೆ.

ಮುಂದೆ ವಾಡ್‌ವಿಲ್. ಅಂದರೆ ಊರೂರು ಸುತ್ತುವ ರಂಗದ ಮನರಂಜನೆ. 1925ರಿಂದ 1929ರವರೆಗೆ ಹಾಡು, ಹಾಸ್ಯ, ಭಾವುಕ ಸ್ವಗತ ಅಂತ ಅವಳು ವೇದಿಕೆ ಹತ್ತಿದಳು. ಸಿನಿಮಾ ಮಗು ರಂಗದ ಮೇಲೆ ಏನು ಮಾಡೀತು ಅಂದುಕೊಂಡವರ ಮುಂದೆ ಗೆದ್ದಳು. ಮೂಕಿಯಲ್ಲಿ ಬೇಕಿಲ್ಲದ ಮಾತು ಇಲ್ಲಿ ಬೇಕಿತ್ತು, ಅದನ್ನೂ ಕಲಿತಳು. ಪ್ರತಿಭೆ ಇಲ್ಲ ಅನ್ನುವ ಅಪ್ಪನ ವಾದಕ್ಕೆ ಇದಕ್ಕಿಂತ ನೇರ ಉತ್ತರ ಬೇಕೇ? ಗಂಟಲು ಬಾತಾಗಲೂ ಜ್ವರ ಬಂದಾಗಲೂ ಪ್ರದರ್ಶನ ತಪ್ಪುತ್ತಿರಲಿಲ್ಲ. ಒಂದೊಂದು ಪ್ರದರ್ಶನಕ್ಕೆ ಅವಳ ಕೈಗೆ ಬರುತ್ತಿದ್ದದ್ದು ಒಂದು ನಿಕ್ಕಲ್, ಅಂದರೆ 5 ಸೆಂಟ್. ಶಾಲೆಯ ಮುಖ ಅವಳಾಗಲಿ ಅಕ್ಕ ಲೂಯಿಸ್ ಆಗಲಿ ಕಂಡದ್ದು ಈ ತಿರುಗಾಟ ಮುಗಿದ ಮೇಲೆಯೇ.

ಆ ಗಳಿಕೆಯಲ್ಲಿ ವಯೋಮಿಂಗ್‌ನಲ್ಲಿ ರ್‍ಯಾಂಚ್ ಮಾಡಲು ಹೊರಟರು. 1929ರ ಷೇರುಪೇಟೆ ಕುಸಿತ ಅದನ್ನೂ ನುಂಗಿತು. ಕೈ ಖಾಲಿಯಾಗಿ ಕುಟುಂಬ ಹಾಲಿವುಡ್‌ಗೆ ಮರಳಿದಾಗ ಮಗಳಿಗೆ ಇನ್ನೂ ಹದಿಹರೆಯ. ಒಂದು ಕಾಲದ ನಾಯಕಿ ಈಗ ಗುಂಪಿನ ದೃಶ್ಯಗಳಲ್ಲಿ ಎಕ್ಸ್‌ಟ್ರಾ. ಆ ಕೆಲಸ ಅವಳಿಗೆ ಒಂಚೂರೂ ಇಷ್ಟವಿರಲಿಲ್ಲ. 1936ರಲ್ಲಿ ‘ಕ್ಯಾಪ್ಟನ್ ಜನವರಿ’ ಮತ್ತೆ ತಯಾರಾಯಿತು, ಟಾಕಿ ಕಾಲದ ಬಾಲತಾರೆ ಶರ್ಲಿ ಟೆಂಪಲ್ ಅದೇ ಪಾತ್ರ ಮಾಡಿದಳು. 1938ಕ್ಕೆ ಪೆಗ್ಗಿಯ ಸಿನಿಮಾ ಬದುಕು ಮುಗಿಯಿತು.

ಚಿತ್ರಗಳ ಗತಿಯೂ ಅಷ್ಟೇ. 1926ರಲ್ಲಿ ಸೆಂಚುರಿ ಸ್ಟುಡಿಯೊ ಬೆಂಕಿಗೆ ಆಹುತಿಯಾಯಿತು. 150ರಲ್ಲಿ ಇಂದು ಸಿಗುವುದು ಕೆಲವೇ ಕೆಲವು.  ವೆರಾ ಇವರ್‌ಬೋರ್ ಅವರು 2012ರಲ್ಲಿ ಬೇಬಿ ಪೆಗ್ಗಿ ಬಗ್ಗೆ ಮಾಡಿದ ಸಾಕ್ಷ್ಯಚಿತ್ರದ ಡಿವಿಡಿಯಲ್ಲಿ ಅವುಗಳಲ್ಲಿ ಕೆಲವನ್ನು ಸೇರಿಸಿದ್ದಾರೆ. ಹುಡುಕಿ ನೋಡುವವರಿಗೆ ಅದೇ ಸುಲಭದ ದಾರಿ. ಕಳೆದುಹೋಯಿತು ಎಂದುಕೊಂಡಿದ್ದ ‘ಅವರ್ ಪೆಟ್’ 2016ರಲ್ಲಿ ಜಪಾನಿನಲ್ಲಿ ಸಿಕ್ಕಿತು. ಆಗ ಪೆಗ್ಗಿಗೆ ತೊಂಬತ್ತೇಳು ದಾಟಿತ್ತು.

ಕೋರ್ಟು ಹತ್ತಿದ ಹುಡುಗ, ಹತ್ತದ ಹುಡುಗಿ

1938ರಲ್ಲಿ ಜಾಕಿ ಕೂಗನ್ ತನ್ನ ತಾಯಿ ಮತ್ತು ಮಲತಂದೆಯ ಮೇಲೆ ದಾವೆ ಹೂಡಿದ. ಬಾಲ್ಯದಲ್ಲಿ ದುಡಿದದ್ದು 30ರಿಂದ 40 ಲಕ್ಷ ಡಾಲರ್ ಎನ್ನುತ್ತಾರೆ. ಕೊನೆಗೆ ಅವನ ಕೈಗೆ ಬಂದದ್ದು ಸುಮಾರು 1,26,000. ಆಗ ಪೆಗ್ಗಿಯ ಹೆತ್ತವರು ಮಗಳನ್ನು ಕೇಳಿದರು: ನೀನೂ ನಮ್ಮ ಮೇಲೆ ಕೇಸು ಹಾಕ್ತೀಯಾ? ಅವಳು ಹಾಕಲಿಲ್ಲ. ಹಾಕಿ ಪ್ರಯೋಜನವಿಲ್ಲ ಅನ್ನುವುದು ಅವಳ ಲೆಕ್ಕಾಚಾರ. ದುಡ್ಡೇ ಉಳಿದಿರದ ಮನೆಯಲ್ಲಿ ಗೆದ್ದರೂ ಸಿಗುವುದೇನು?

ಕೂಗನ್ ಗಲಾಟೆಯಿಂದ 1939ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಾಲನಟರ ಗಳಿಕೆಯ ಒಂದು ಪಾಲನ್ನು ಅವರಿಗಾಗಿ ಎತ್ತಿಡಿಸುವ ‘ಕೂಗನ್ ಕಾಯ್ದೆ’ ಬಂತು. ಆದರೆ ಅದರಲ್ಲಿ ದೊಡ್ಡ ತೂತಿತ್ತು. ಕೋರ್ಟಿನ ಒಪ್ಪಿಗೆ ಪಡೆದ ಕರಾರುಗಳಿಗೆ ಮಾತ್ರ ಅದು ಅನ್ವಯ. ಕೋರ್ಟಿಗೆ ಹೋಗದಿದ್ದರೆ ಸರಿ, ಹಳೆ ನಿಯಮವೇ. ಅರವತ್ತು ವರ್ಷ ಹೀಗೇ ನಡೆಯಿತು. 2000ದಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಎರಡು ಮುಖ್ಯ ಬದಲಾವಣೆಗಳಿದ್ದವು: ಮನರಂಜನೆಯಲ್ಲಿ ಮಗು ದುಡಿದದ್ದು ಮಗುವಿನದೇ ಆಸ್ತಿ, ಮತ್ತು ಕನಿಷ್ಠ ಶೇ. 15ರಷ್ಟನ್ನು ಟ್ರಸ್ಟ್ ಖಾತೆಗೆ ಹಾಕಲೇಬೇಕು. ಆ ಹೊತ್ತಿಗೆ ಬೇಬಿ ಪೆಗ್ಗಿ ಡಯಾನಾ ಸೆರಾ ಕ್ಯಾರಿಯಾಗಿ, ಹಾಲಿವುಡ್‌ನ ಬಾಲತಾರೆಯರ ಬಗ್ಗೆ ಪುಸ್ತಕಗಳನ್ನೇ ಬರೆದಿದ್ದರು. 1996ರಲ್ಲಿ ಆತ್ಮಕಥೆ ಬಂತು, 2003ರಲ್ಲಿ ಜಾಕಿ ಕೂಗನ್ ಬಗ್ಗೆಯೇ ಒಂದು ಜೀವನಚರಿತ್ರೆ. ಬಾಲನಟರ ರಕ್ಷಣೆಯ ಪರವಾಗಿಯೂ ಮಾತಾಡುತ್ತಿದ್ದರು.

ನಮ್ಮಲ್ಲಿಯ ನಿಯಮವನ್ನು ಇದರ ಪಕ್ಕ ಇಟ್ಟು ನೋಡಬಹುದು. 2016ರಲ್ಲಿ ಬಾಲಕಾರ್ಮಿಕ ಕಾಯ್ದೆಗೆ ತಿದ್ದುಪಡಿಯಾಗಿ, 2017ರ ನಿಯಮಗಳಲ್ಲಿ ಬಾಲ ಕಲಾವಿದರ ವಿಷಯ ಬಿಡಿಸಿ ಬರೆದಿದ್ದಾರೆ. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಬಿಡುವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ. ಸತತ 27 ದಿನಕ್ಕಿಂತ ಜಾಸ್ತಿ ಶೂಟಿಂಗ್ ಇಲ್ಲ. ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಗಳಿಕೆಯ ಕನಿಷ್ಠ ಶೇ. 20ರಷ್ಟು ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಎಫ್‌ಡಿ ಆಗಬೇಕು. ಕಾಗದದ ಮೇಲೆ ಕ್ಯಾಲಿಫೋರ್ನಿಯಾಕ್ಕಿಂತ ಐದು ಪರ್ಸೆಂಟ್ ಮುಂದೆ. ಗಾಂಧಿನಗರದ ಸಿನಿಮಾಕ್ಕೂ ಧಾರಾವಾಹಿಗೂ ರಿಯಾಲಿಟಿ ಶೋಗೂ ಇದೇ ನಿಯಮ. ಮಗುವಿಗೆ ಇಷ್ಟವಿಲ್ಲದಿದ್ದರೆ ಕೆಲಸಕ್ಕೆ ಹಾಕುವಂತಿಲ್ಲ ಅನ್ನುವ ಸಾಲೂ ಅದರಲ್ಲಿದೆ. ಪೆಗ್ಗಿಯ ಪ್ರಕರಣ ಓದಿದ ಮೇಲೆ ನನಗೆ ಅತಿ ಕಷ್ಟದ ಸಾಲು ಅನಿಸುವುದು ಅದೇ. ಹೇಳಿದ್ದಕ್ಕೆಲ್ಲ ‘ಹೂಂ’ ಅನ್ನಲು ಕಲಿತ ಮಗುವಿನ ಒಪ್ಪಿಗೆಯನ್ನು ಯಾರು, ಹೇಗೆ ಅಳೆಯುವುದು?

ಈ ನಿಯಮಗಳೆಲ್ಲ ಅನುಮತಿ ಕೇಳಬೇಕಾದ, ಎಫ್‌ಡಿ ಇಡಬೇಕಾದ ಒಬ್ಬ ನಿರ್ಮಾಪಕ ಇದ್ದಾನೆ ಅಂದುಕೊಂಡು ಬರೆದವು. ಅಪ್ಪ ಅಮ್ಮನೇ ನಿರ್ಮಾಪಕ, ನಿರ್ದೇಶಕ, ಕ್ಯಾಮರಾಮನ್ ಆಗಿ, ಮನೆಯ ಹಾಲೇ ಸೆಟ್ ಆದಾಗ ಕತೆ ಬೇರೆ. ಫೋನಿನ ಮುಂದೆ ದೊಡ್ಡವರ ಡೈಲಾಗು, ದೊಡ್ಡವರ ಸ್ಟೆಪ್ಪು ಮಾಡುವ ಮಕ್ಕಳ ರೀಲ್ಸ್ ಕನ್ನಡದಲ್ಲೂ ದಂಡಿಯಾಗಿವೆ. ಅವುಗಳ ಹಾಸ್ಯದ ಸೂತ್ರ ಗೌಲ್ಡಿಂಗ್ ಬಳಸಿದ್ದೇ. ಅಮೆರಿಕದಲ್ಲಿ ಇಲಿನಾಯ್ ರಾಜ್ಯ 2024ರ ಜುಲೈನಿಂದ ಇಂಥ ವಿಡಿಯೊಗಳಲ್ಲಿ ಕಾಣಿಸಿಕೊಳ್ಳುವ ಮಕ್ಕಳಿಗೂ ಗಳಿಕೆಯಲ್ಲಿ ಪಾಲು ಎತ್ತಿಡಬೇಕೆಂಬ ಕಾನೂನು ಜಾರಿ ಮಾಡಿತು. ಅದೇ ವರ್ಷ ಕ್ಯಾಲಿಫೋರ್ನಿಯಾ ಕೂಗನ್ ಕಾಯ್ದೆಯ ರಕ್ಷಣೆಯನ್ನು ಆನ್‌ಲೈನ್ ಮಕ್ಕಳಿಗೂ ಚಾಚಿತು.